ಪ್ರಸಂಗದಾಚೆಗೆ: ಯುವಜನರ ಶೀಲವೂ ಚರ್ಚಿನ ಹೊಣೆಯೂ

ಯುವಜನರ ನಡತೆ ಕೆಡುತ್ತಿದೆ ಎಂಬ ದೂರು ಹೊಸದಲ್ಲ. ಪ್ರತಿಯೊಂದು ತಲೆಮಾರೂ ತನ್ನ ನಂತರದವರ ಬಗ್ಗೆ ಈ ಮಾತನ್ನು ಆಡಿಕೊಂಡೇ ಬಂದಿದೆ. ಆದರೆ ಇಂದಿನ ಕಳವಳಕ್ಕೆ ತನ್ನದೇ ಆದ ಕಾರಣಗಳಿವೆ. ಹದಿಹರೆಯದವರ ಬಿಡುವಿನ ಹೊತ್ತಿನ ದೊಡ್ಡ ಪಾಲು ಮೊಬೈಲ್ ಪರದೆಯ ಮುಂದೆ ಕಳೆದುಹೋಗುತ್ತಿದೆ, ಶಾಲೆ-ಕಾಲೇಜುಗಳು ಅಂಕಗಳ ಬೆನ್ನು ಹತ್ತಿವೆ, ದುಡಿಮೆಯ ಒತ್ತಡದಲ್ಲಿರುವ ತಂದೆತಾಯಿಗೆ ಮಕ್ಕಳೊಡನೆ ಕೂತು ಮಾತನಾಡುವಷ್ಟು ಪುರಸೊತ್ತು ಸಿಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಕ್ರೈಸ್ತ ಕುಟುಂಬಗಳು ಸಹಜವಾಗಿಯೇ ಚರ್ಚಿನ ಕಡೆ ನೋಡುತ್ತವೆ. ಮಗನನ್ನೋ ಮಗಳನ್ನೋ ಸಂಡೇ ಸ್ಕೂಲಿಗೆ, ಯುವಕೂಟಕ್ಕೆ ಕಳುಹಿಸಿದರೆ ಒಳ್ಳೆಯ ಗುಣಗಳು ಬಂದಾವು ಎಂಬ ನಿರೀಕ್ಷೆ ಅವರದು. ಈ ನಿರೀಕ್ಷೆ ಎಷ್ಟರಮಟ್ಟಿಗೆ ಸರಿ? ಚರ್ಚು ನಿಜವಾಗಿಯೂ ಶೀಲವನ್ನು ಬೆಳೆಸಬಲ್ಲದೆ, ಬೆಳೆಸುವುದಾದರೆ ಯಾವ ದಾರಿಯಿಂದ? ಚರ್ಚಿಗೆ ಆ ಶಕ್ತಿ ಇದೆ ಎಂದೇ ನಾನು ನಂಬುತ್ತೇನೆ. ಆದರೆ ಪ್ರಸಂಗ (ಆರಾಧನೆಯಲ್ಲಿ ಕೊಡುವ ಉಪದೇಶ), ಪಾಠಗಳಿಗಿಂತ ಬಹಳ ಹೆಚ್ಚಾಗಿ ಅದು ನಂಬಿಕೆಗೆ ಅರ್ಹರಾದ ಹಿರಿಯರ ದೀರ್ಘಕಾಲದ ಒಡನಾಟದಲ್ಲಿ, ಕಿರಿಯರ ಕೈಗೆ ಕೊಡುವ ನಿಜವಾದ ಹೊಣೆಗಾರಿಕೆಯಲ್ಲಿ, ಮತ್ತು ತಪ್ಪು ನಡೆದಾಗ ಸಭೆ, ಅಂದರೆ ಚರ್ಚಿನ ಸಮುದಾಯ, ತಾನೇ ನಡೆದುಕೊಳ್ಳುವ ರೀತಿಯಲ್ಲಿ ಅಡಗಿದೆ.

ಉಪದೇಶಕ್ಕೂ ನಡತೆಗೂ ಇರುವ ಅಂತರವನ್ನು ತೋರಿಸುವ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಸಭಾಪಾಲಕರಾಗುವವರು ಓದುವ, ಅಮೆರಿಕದ ಪ್ರಿನ್ಸ್‌ಟನ್ ದೇವತಾಶಾಸ್ತ್ರ ಸೆಮಿನರಿಯ 40 ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕದೊಂದು ಭಾಷಣ ಮಾಡುವಂತೆ ಹೇಳಿದರು. ಕೆಲವರಿಗೆ ಕೊಟ್ಟ ವಿಷಯ ಒಳ್ಳೆಯ ಸಮಾರ್ಯದವನ ಸಾಮ್ಯ, ಅಂದರೆ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಪರಜನಾಂಗದವನೊಬ್ಬ ನೆರವಾದನೆಂದು ಯೇಸು ಹೇಳಿದ ಕಥೆ. ಉಳಿದವರಿಗೆ ಕೊಟ್ಟದ್ದು ಸೆಮಿನರಿಯಲ್ಲಿ ಓದಿದವರಿಗೆ ಒಗ್ಗುವ ಉದ್ಯೋಗಗಳ ವಿಚಾರ. ಅವರು ಹಾದುಹೋಗಬೇಕಾದ ಓಣಿಯಲ್ಲಿ, ಬಾಗಿಲೊಂದರ ಬಳಿ, ತಲೆ ತಗ್ಗಿಸಿ ಕಣ್ಣು ಮುಚ್ಚಿ ಕುಸಿದು ಕೂತ ಮನುಷ್ಯನೊಬ್ಬನಿದ್ದ. ವಿದ್ಯಾರ್ಥಿ ಹತ್ತಿರ ಬಂದಾಗ ಅವನು ಕೆಮ್ಮಿ ನರಳುತ್ತಿದ್ದ. ಈಗಾಗಲೇ ತಡವಾಗಿದೆ, ಬೇಗ ಹೋಗಿ ಎಂದು ಅವಸರಪಡಿಸಿ ಕಳುಹಿಸಿದವರಲ್ಲಿ ಅವನಿಗೆ ಯಾವುದೋ ರೀತಿಯಲ್ಲಿ ನೆರವಾದವರು ಶೇ 10ರಷ್ಟು ಮಾತ್ರ. ಇನ್ನೂ ಸಮಯವಿದೆ ಎಂದು ಕಳುಹಿಸಿದವರಲ್ಲಿ ಶೇ 63ರಷ್ಟು. ಸಮಾರ್ಯದವನ ಕಥೆಯನ್ನು ಮನಸ್ಸಿನಲ್ಲಿ ಹೊತ್ತು ಹೊರಟಿದ್ದರೋ ಇಲ್ಲವೋ ಎಂಬುದರಿಂದ ಗಮನಾರ್ಹವಾದ ವ್ಯತ್ಯಾಸ ಕಾಣಲಿಲ್ಲ. ಯಾಜಕನೂ ಲೇವಿಯನೂ ಗಾಯಗೊಂಡವನನ್ನು ಕಂಡೂ ಹಾದುಹೋದರು ಎಂದು ಹೇಳಲು ಹೊರಟಿದ್ದವರಲ್ಲಿಯೇ ಕೆಲವರು ನರಳುತ್ತಿದ್ದವನನ್ನು ದಾಟಿಕೊಂಡು ಹೋದರು.

ಇದಕ್ಕೂ ಬಹಳ ಹಿಂದೆ, 1928ರಿಂದ 1930ರ ನಡುವೆ, ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಸಂಶೋಧಕರು ಮಕ್ಕಳ ಪ್ರಾಮಾಣಿಕತೆಯ ಕುರಿತು ದೊಡ್ಡದೊಂದು ಅಧ್ಯಯನವನ್ನು ಹೊರತಂದಿದ್ದರು. ಸಾವಿರಾರು ಮಕ್ಕಳನ್ನು ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಅವಕಾಶವಿರುವ ಸನ್ನಿವೇಶಗಳಲ್ಲಿ ನಿಲ್ಲಿಸಿ ಅವರು ಏನು ಮಾಡುತ್ತಾರೆಂದು ನೋಡಿದ ಅಧ್ಯಯನವದು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೆಯೇ ಇರುತ್ತದೆ ಎಂಬ ಭರವಸೆ ಇರಲಿಲ್ಲ. ಸಂಡೇ ಸ್ಕೂಲಿಗೆ ಹೋಗುವುದಕ್ಕೂ ಮೋಸ ಮಾಡದಿರುವುದಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಚರ್ಚಿನ ಬಗ್ಗೆ ಕಾಳಜಿಯುಳ್ಳವರು ಈ ಫಲಿತಾಂಶಗಳನ್ನು ಕಂಡು ಮುಖ ತಿರುಗಿಸಬೇಕಾಗಿಲ್ಲ. ಒಳ್ಳೆಯದು ಯಾವುದೆಂಬ ತಿಳಿವಳಿಕೆ ಮತ್ತು ಒಳ್ಳೆಯದನ್ನು ಮಾಡುವ ಅಭ್ಯಾಸ, ಇವೆರಡೂ ಬೇರೆ ಬೇರೆ ಎಂದು ಅವು ಹೇಳುತ್ತವೆ. ಅಪೊಸ್ತಲ ಪೌಲನೂ ಇದನ್ನು ಬಲ್ಲವನಾಗಿದ್ದ. ಒಳ್ಳೆಯದನ್ನು ಮಾಡುವ ಮನಸ್ಸಿದ್ದರೂ ಮಾಡಲಾಗುತ್ತಿಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅವನು ಒಪ್ಪಿಕೊಳ್ಳುತ್ತಾನೆ. ಗಲಾತ್ಯದವರಿಗೆ ಬರೆಯುವಾಗ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ ಎಂಬ ಒಂಬತ್ತನ್ನು ಅವನು ಪವಿತ್ರಾತ್ಮನ ಫಲವೆಂದು ಕರೆಯುತ್ತಾನೆ. ಫಲಕ್ಕೆ ಕಾಲ ಬೇಕು. ಪ್ರಿನ್ಸ್‌ಟನ್ನಿನ ಪ್ರಯೋಗದಲ್ಲಿ ದಯೆಯನ್ನು ಕುಗ್ಗಿಸಿದ್ದು ಅವಸರ ಎಂಬುದನ್ನೂ ಇದರ ಜೊತೆಗಿಟ್ಟು ಓದಬೇಕು. ಒಂದರ ಹಿಂದೊಂದು ಕಾರ್ಯಕ್ರಮ, ಶಿಬಿರ, ಸ್ಪರ್ಧೆ, ಗಾಯನದ ತಾಲೀಮು ಎಂದು ಯುವಜನರನ್ನು ಉಸಿರು ಬಿಡಲೂ ಆಗದಂತೆ ಓಡಿಸುವ ಸಭೆ, ತಾನು ಬೋಧಿಸುವ ದಯೆಗೆ ತಾನೇ ಎಡೆ ಇಲ್ಲದಂತೆ ಮಾಡುತ್ತಿರಬಹುದು.

ಹಾಗಾದರೆ ಚರ್ಚಿನ ವಿಶೇಷವಾದ ಬಲ ಯಾವುದು? ಶಾಲೆಯಲ್ಲಿ ಒಂದೇ ವಯಸ್ಸಿನವರು ಒಟ್ಟಿಗೆ ಇರುತ್ತಾರೆ, ಸಾಮಾಜಿಕ ಜಾಲತಾಣದಲ್ಲಿ ಒಂದೇ ಅಭಿರುಚಿಯವರು ಕೂಡುತ್ತಾರೆ. ಹಸುಳೆಯಿಂದ ತೊಂಬತ್ತರ ವೃದ್ಧೆಯವರೆಗೆ, ಧಣಿಯಿಂದ ದಿನಗೂಲಿಯವರವರೆಗೆ ಎಲ್ಲರೂ ಪ್ರತಿ ವಾರ ಒಂದೇ ಸೂರಿನಡಿ ಸೇರುವ ಜಾಗಗಳು ಈಗ ಬಹಳ ಕಡಿಮೆ, ಮತ್ತು ಚರ್ಚು ಅವುಗಳಲ್ಲೊಂದು. ರಕ್ತಸಂಬಂಧವಿಲ್ಲದ, ಸಂಬಳಕ್ಕಾಗಿ ಬಂದಿಲ್ಲದ ಹಿರಿಯರೊಬ್ಬರು ತನ್ನ ಹೆಸರು ಹಿಡಿದು ಕರೆಯುತ್ತಾರೆ, ಪರೀಕ್ಷೆ ಹೇಗಾಯಿತೆಂದು ಕೇಳುತ್ತಾರೆ, ಎರಡು ವಾರ ಕಾಣದಿದ್ದರೆ ಹುಡುಕಿಕೊಂಡು ಬರುತ್ತಾರೆ ಎಂಬ ಅನುಭವ ಹದಿನಾರರ ಹುಡುಗನಿಗೆ ಬೇರೆಲ್ಲಿ ಸಿಗುತ್ತದೆ? ಯುವಜನರಿಗೆ ಬೇಸರವಾಗಬಾರದೆಂದು ಅವರಿಗಾಗಿ ಪ್ರತ್ಯೇಕ ಆರಾಧನೆ, ಪ್ರತ್ಯೇಕ ಕೋಣೆ, ಪ್ರತ್ಯೇಕ ಸಂಗೀತ ಏರ್ಪಡಿಸುವ ರೂಢಿ ಒಳ್ಳೆಯ ಉದ್ದೇಶದಿಂದಲೇ ಬಂದಿದ್ದರೂ, ಅದು ಅತಿಯಾದಾಗ ಈ ಬಲವನ್ನೇ ಕಿತ್ತುಹಾಕುತ್ತದೆ.

ಒಡನಾಟ ಎಂದರೇನು ಎಂಬುದಕ್ಕೆ 1931ರ ಬರ್ಲಿನ್ ಒಂದು ಉದಾಹರಣೆ ಕೊಡುತ್ತದೆ. ಇಪ್ಪತ್ತೈದರ ಹರೆಯದ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬೋನ್‌ಹಾಫರ್ ಅವರಿಗೆ, ಬಡ ಕಾರ್ಮಿಕರ ಬಡಾವಣೆಯೊಂದರ ಚರ್ಚಿನಲ್ಲಿ ದೃಢೀಕರಣದ (ಹರೆಯದವರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಸ್ಥಿರಪಡಿಸಿಕೊಳ್ಳುವ ವಿಧಿಯ) ತರಗತಿಯನ್ನು ವಹಿಸಲಾಯಿತು. ತರಗತಿ ಹದ್ದುಮೀರಿತ್ತು, ಹಿಂದಿನ ವೃದ್ಧ ಬೋಧಕರಿಗೆ ಹುಡುಗರನ್ನು ಹಿಡಿದಿಡುವುದು ಅಸಾಧ್ಯವಾಗಿತ್ತು. ಮೊದಲ ದಿನ ಇವರನ್ನು ಕಂಡ ಹುಡುಗರು ಇವರ ಹೆಸರಿನ ಮೊದಲ ಅಕ್ಷರಗಳನ್ನೇ ಕೂಗಿ ಗದ್ದಲವೆಬ್ಬಿಸಿದರು. ಬೋನ್‌ಹಾಫರ್ ಗದರಲಿಲ್ಲ. ಸುಮ್ಮನೆ ನಿಂತು ಕಾದರು. ಆಮೇಲೆ ಮುಂದಿನ ಸಾಲಿನವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ತಾವು ಕಂಡದ್ದನ್ನು ಹೇಳತೊಡಗಿದರು. ಕೇಳಬೇಕೆಂಬ ಕುತೂಹಲದಿಂದ ಹಿಂದಿನ ಸಾಲಿನವರೂ ಸದ್ದಡಗಿಸಿದರು. ಆದರೆ ಮುಖ್ಯವಾದದ್ದು ನಡೆದದ್ದು ಆ ತರಗತಿಯ ಹೊರಗೆ. ಶ್ರೀಮಂತ ಪ್ರಾಧ್ಯಾಪಕರ ಮಗನಾದ ಅವರು ತಂದೆಯ ಮನೆಯನ್ನು ಬಿಟ್ಟು ಆ ಬಡಾವಣೆಯಲ್ಲೇ ಬಾಡಿಗೆ ಕೋಣೆ ಹಿಡಿದರು. ಸಂಜೆ ಹೊತ್ತು ಹುಡುಗರಿಗೆ ಅಲ್ಲಿ ಬಾಗಿಲು ತೆರೆದಿರುತ್ತಿತ್ತು. ಜೊತೆಗೆ ಕೂತು ಉಂಡರು, ಚದುರಂಗ ಆಡಿದರು, ಅವರ ಮನೆಗಳಿಗೆ ಹೋಗಿ ನಿರುದ್ಯೋಗಿ ತಂದೆಯರೊಡನೆ ಮಾತನಾಡಿದರು. ದೃಢೀಕರಣದ ದಿನಕ್ಕೆ ತೊಡಲು ಸರಿಯಾದ ಉಡುಪಿಲ್ಲದವರಿಗಾಗಿ ಬಟ್ಟೆಯ ದೊಡ್ಡ ಥಾನನ್ನೇ ಕೊಂಡು ತಂದು ಹಂಚಿದರು. 1932ರ ಮಾರ್ಚ್‌ನಲ್ಲಿ ಆ ಹುಡುಗರ ದೃಢೀಕರಣ ನೆರವೇರಿತು. ಪಾಠದ ಪುಸ್ತಕ ಬದಲಾದದ್ದರಿಂದ ಇದು ಸಾಧ್ಯವಾಗಲಿಲ್ಲ; ಒಬ್ಬ ವಯಸ್ಕ ತನ್ನ ಸಂಜೆಗಳನ್ನೂ ಹಣವನ್ನೂ ನಿದ್ದೆಯನ್ನೂ ಅವರಿಗಾಗಿ ತೆತ್ತದ್ದರಿಂದ ಸಾಧ್ಯವಾಯಿತು.

ಒಡನಾಟದಷ್ಟೇ ಮುಖ್ಯವಾದದ್ದು ಹೊಣೆಗಾರಿಕೆ. ಚರ್ಚಿನ ಯುವಚಳವಳಿಗಳ ಇತಿಹಾಸವನ್ನು ನೋಡಿದರೆ, ಬೇರೂರಿ ನಿಂತವುಗಳಲ್ಲಿ ಹಲವನ್ನು ಯುವಜನರೇ ಹೊತ್ತು ನಡೆಸಿದ್ದು ಕಾಣುತ್ತದೆ. 1844ರ ಜೂನ್ 6ರಂದು ಲಂಡನ್ನಿನಲ್ಲಿ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಆರಂಭಿಸಿದ ಜಾರ್ಜ್ ವಿಲಿಯಮ್ಸ್‌ಗೆ ಆಗ 22 ವರ್ಷ. ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ ಯುವಕ, ತನ್ನಂತೆಯೇ ದುಡಿಯುತ್ತಿದ್ದ ಗೆಳೆಯರನ್ನು ಕೂಡಿಸಿಕೊಂಡ. 1881ರಲ್ಲಿ ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಸಭಾಪಾಲಕ ಫ್ರಾನ್ಸಿಸ್ ಕ್ಲಾರ್ಕ್ ಆರಂಭಿಸಿದ ಕ್ರಿಶ್ಚಿಯನ್ ಎಂಡೆವರ್ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನೂ ಕೂಟದಲ್ಲಿ ಭಾಗವಹಿಸುವುದಾಗಿ ಮಾತು ಕೊಡಬೇಕಿತ್ತು. ಸುಮ್ಮನೆ ಕೂತು ಕೇಳಿ ಎದ್ದುಹೋಗುವಂತಿರಲಿಲ್ಲ. ಬೆಲ್ಜಿಯಂನ ಕಥೋಲಿಕ ಗುರು ಜೋಸೆಫ್ ಕಾರ್ಡೈನ್ ಇನ್ನೂ ಮುಂದೆ ಹೋದರು. ತಾವು ಸೆಮಿನರಿಗೆ ಹೋದಾಗ ಕಾರ್ಖಾನೆಗೆ ಸೇರಿದ ಬಾಲ್ಯದ ಗೆಳೆಯರು ಚರ್ಚಿನಿಂದ ದೂರ ಸರಿದದ್ದು ಅವರನ್ನು ಕಾಡಿತ್ತು. ಅವರ ಮುಂದಾಳತ್ವದಲ್ಲಿ 1925ರಲ್ಲಿ ರೂಪು ತಳೆದ ಕ್ರೈಸ್ತ ಯುವ ಕಾರ್ಮಿಕರ ಚಳವಳಿಯ ವಿಧಾನ ಮೂರು ಹೆಜ್ಜೆಗಳದು: ಸನ್ನಿವೇಶವನ್ನು ಕಣ್ಣಾರೆ ನೋಡು, ಸುವಾರ್ತೆಯ ಬೆಳಕಿನಲ್ಲಿ ವಿವೇಚಿಸು, ಕಾರ್ಯಕ್ಕಿಳಿ. ಪಕ್ಕದ ಯಂತ್ರದಲ್ಲಿ ದುಡಿಯುವ ಹುಡುಗಿಗೆ ಕೂಲಿ ಕಡಿಮೆ ಕೊಡುತ್ತಿದ್ದಾರೆಯೇ, ಮೇಸ್ತ್ರಿ ಅವಳನ್ನು ಪೀಡಿಸುತ್ತಿದ್ದಾನೆಯೇ ಎಂದು ಮೊದಲು ತಿಳಿದುಕೊಂಡು, ಆಮೇಲೆ ಏನು ಮಾಡಬೇಕೆಂದು ಯುವಕಾರ್ಮಿಕರೇ ನಿರ್ಧರಿಸುತ್ತಿದ್ದರು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ಪರಿಪತ್ರದಲ್ಲಿ ಈ ವಿಧಾನವನ್ನು ಎತ್ತಿಹಿಡಿದರು. ನ್ಯಾಯದ ಬಗ್ಗೆ ನೂರು ಪ್ರಸಂಗ ಕೇಳಿದವನಿಗಿಂತ ಇಂಥದ್ದೊಂದು ನಿರ್ಧಾರದ ಭಾರ ಹೊತ್ತವನಲ್ಲಿ ನ್ಯಾಯಪ್ರಜ್ಞೆ ಗಟ್ಟಿಯಾಗಿರುತ್ತದೆ.

ಇಷ್ಟು ದೊಡ್ಡ ಪ್ರಮಾಣದಲ್ಲಿಯೇ ಆಗಬೇಕೆಂದೇನೂ ಇಲ್ಲ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವ ಕೆಲಸವನ್ನೇ ನೋಡಿ. ಕೋಶಾಧಿಕಾರಿಯ ಪಕ್ಕದಲ್ಲಿ ಹದಿನೇಳರ ಹುಡುಗಿಯೊಬ್ಬಳನ್ನು ಕೂರಿಸಿ, ನೋಟುಗಳನ್ನು ಬೇರ್ಪಡಿಸಿ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ, ಮೊತ್ತ ತಾಳೆಯಾದ ಮೇಲೆ ಇಬ್ಬರೂ ರುಜು ಹಾಕುವಂತೆ ಮಾಡಿದರೆ, ಅವಳು ಏನೆಲ್ಲ ಕಲಿಯುತ್ತಾಳೆ! ಮೊತ್ತ ತಾಳೆಯಾಗದಿದ್ದರೆ ಅಂದಾಜಿನಲ್ಲಿ ಬರೆದು ಮುಗಿಸುವಂತಿಲ್ಲ, ಮತ್ತೆ ಮೊದಲಿನಿಂದ ಎಣಿಸಬೇಕು. ಹಿರಿಯರಾದ ಕೋಶಾಧಿಕಾರಿಯ ಲೆಕ್ಕವನ್ನೂ ಇನ್ನೊಬ್ಬರು ಪರಿಶೀಲಿಸುತ್ತಾರೆ, ಅದು ಅವಮಾನವಲ್ಲ, ಪದ್ಧತಿ. ಲಕೋಟೆಯ ಮೇಲೆ ಯಾರು ಎಷ್ಟು ಕೊಟ್ಟರೆಂದು ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಪ್ರಾಮಾಣಿಕತೆ, ತಾಳ್ಮೆ, ಗುಟ್ಟು ಕಾಯುವ ಸಂಯಮ, ಮೂರೂ ಆ ಮೇಜಿನ ಮುಂದೆಯೇ ರೂಢಿಯಾಗುತ್ತವೆ. ಆದರೂ ಬಹುತೇಕ ಸಭೆಗಳಲ್ಲಿ ಯುವಜನರ ಪಾಲಿಗೆ ಬರುವುದು ಕುರ್ಚಿ ಜೋಡಿಸುವುದು, ಹಬ್ಬಕ್ಕೆ ಅಲಂಕಾರ ಮಾಡುವುದು, ಹಾಡುವುದು ಇಷ್ಟೇ. ಅವೂ ಬೇಕಾದ ಕೆಲಸಗಳೇ. ಆದರೆ ತಪ್ಪಿದರೆ ಯಾರಿಗಾದರೂ ನಷ್ಟವಾಗುವಂಥ ಕೆಲಸವನ್ನು ನಂಬಿ ಒಪ್ಪಿಸದ ಹೊರತು ಹೊಣೆಯರಿತು ನಡೆಯುವ ಗುಣ ಬೆಳೆಯುವುದಿಲ್ಲ.

ಒಳ್ಳೆಯ ಗುಣ ಎಂದರೆ ಹೇಳಿದಂತೆ ಕೇಳುವುದು ಎಂದು ತಿಳಿದ ಹಿರಿಯರು ಬಹಳ ಮಂದಿ ಇದ್ದಾರೆ, ಮತ್ತು ಈ ತಿಳಿವಳಿಕೆ ಎಷ್ಟು ಅಪಾಯಕಾರಿ ಎಂಬುದನ್ನು ಇತಿಹಾಸ ಒಮ್ಮೆ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. 1933ರ ಡಿಸೆಂಬರ್‌ನಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚಿನ ಮುಖ್ಯ ಬಿಷಪ್ ಲುಡ್ವಿಗ್ ಮ್ಯುಲರ್, ಚರ್ಚಿನ ಯುವಸಂಘಗಳನ್ನು ಹಿಟ್ಲರನ ಯುವಪಡೆಯೊಂದಿಗೆ ಸೇರಿಸಲು ಒಪ್ಪಂದ ಮಾಡಿಕೊಂಡರು. ಶಿಸ್ತು, ಸಮಯಪಾಲನೆ, ದೈಹಿಕ ದೃಢತೆ, ಹಿರಿಯರಿಗೆ ವಿಧೇಯತೆ ಇವೆಲ್ಲ ಅಲ್ಲಿಯೂ ಮೆಚ್ಚುಗೆಯ ಗುಣಗಳೇ ಆಗಿದ್ದವು. ಅದೇ ದೇಶದ ಮ್ಯೂನಿಕ್‌ನಲ್ಲಿ ಹಾನ್ಸ್ ಶೋಲ್ ಮತ್ತು ಸೋಫಿ ಶೋಲ್ ಎಂಬ ಅಣ್ಣ-ತಂಗಿ ನಾಜಿ ಆಡಳಿತದ ಅಪರಾಧಗಳ ವಿರುದ್ಧ ಕರಪತ್ರ ಹಂಚಿ, 1943ರ ಫೆಬ್ರುವರಿ 22ರಂದು ಪ್ರಾಣ ತೆತ್ತರು. ಮೊದಲು ಅವರೂ ಆ ಯುವಪಡೆಯಲ್ಲಿದ್ದವರೇ. ಸೋಫಿಗೆ ಆಗ 21 ವರ್ಷ. ಅವರ ಧೈರ್ಯಕ್ಕೆ ಬೇರುಗಳು ಹಲವು, ಅವುಗಳಲ್ಲಿ ಅವರು ಗಂಭೀರವಾಗಿ ಓದಿ ಚರ್ಚಿಸುತ್ತಿದ್ದ ಕ್ರೈಸ್ತ ನಂಬಿಕೆಯೂ ಒಂದು. ಚರ್ಚು ಯುವಜನರಿಗೆ ವಿಧೇಯತೆಯನ್ನು ಮಾತ್ರ ಕಲಿಸಿದರೆ ಆ ವಿಧೇಯತೆಯನ್ನು ಯಾರು ಬೇಕಾದರೂ ವಶಕ್ಕೆ ತೆಗೆದುಕೊಳ್ಳಬಹುದು. ಪ್ರಶ್ನೆ ಕೇಳುವ ಹುಡುಗನನ್ನು ಅಧಿಕಪ್ರಸಂಗಿ ಎಂದು ಕೂರಿಸುವ ಸಂಡೇ ಸ್ಕೂಲ್ ಶಿಕ್ಷಕರು ಇದನ್ನು ಆಲೋಚಿಸಬೇಕು. ಮುಂದೊಂದು ದಿನ ಕೆಟ್ಟದ್ದಕ್ಕೆ ಒಲ್ಲೆನೆನ್ನುವ ಧೈರ್ಯ ಆ ಪ್ರಶ್ನೆಯಲ್ಲಿಯೇ ಮೊಳೆಯುತ್ತಿರಬಹುದು.

ಇದರ ಇನ್ನೊಂದು ತುದಿಯಲ್ಲಿ ಯಾರಿಗೂ ನೋವಾಗದ, ಏನನ್ನೂ ಕೇಳದ ಮೃದು ಧರ್ಮವಿದೆ. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಸಂಗಡಿಗರು ಅಮೆರಿಕದಲ್ಲಿ 2002-03ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಮಾತನಾಡಿಸಿದಾಗ, ಅವರಲ್ಲಿ ಬಹಳ ಮಂದಿಯ ನಂಬಿಕೆಯ ಸಾರ ಇಷ್ಟೇ ಆಗಿತ್ತು: ಎಲ್ಲರೊಂದಿಗೆ ಚೆನ್ನಾಗಿರಬೇಕು, ನಾನು ಸುಖವಾಗಿರಬೇಕು, ಕಷ್ಟ ಬಂದಾಗ ದೇವರು ನೆರವಾಗಬೇಕು. ಇವರನ್ನು ದೂರುವುದರಲ್ಲಿ ಅರ್ಥವಿಲ್ಲ. ಹಿರಿಯರಿಂದ ಕಲಿತದ್ದನ್ನೇ ಅವರು ಒಪ್ಪಿಸಿದ್ದರು. ಶತ್ರುವನ್ನು ಪ್ರೀತಿಸು, ಕೊಟ್ಟ ಮಾತಿಗೆ ನಷ್ಟವಾದರೂ ತಪ್ಪಬೇಡ ಎಂಬ ಬೇಡಿಕೆಗಳಿಗೆ ಈ ಮೃದುತನದಲ್ಲಿ ಜಾಗವಿಲ್ಲ.

ಇಂದಿನ ಯುವಜನರ ಮಟ್ಟಿಗೆ ಚರ್ಚು ಕೊಡಬಲ್ಲ ಅತ್ಯಂತ ಅಮೂಲ್ಯವಾದದ್ದು ಪ್ರಾಯಶಃ ತಪ್ಪು ಮಾಡಿದವನು ಮತ್ತೆ ಎದ್ದು ನಿಲ್ಲುವ ದಾರಿ. ಜಾಲತಾಣಗಳಲ್ಲಿ ಹದಿನೈದನೆಯ ವಯಸ್ಸಿನ ಒಂದು ಕೆಟ್ಟ ಮಾತು, ಒಂದು ಚಿತ್ರ ವರ್ಷಗಟ್ಟಲೆ ಉಳಿಯುತ್ತದೆ. ಸಾವಿರಾರು ಅಪರಿಚಿತರು ತೀರ್ಪು ಕೊಡುತ್ತಾರೆ, ಕ್ಷಮಿಸುವ ಅಧಿಕಾರ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ. ಹೀಗಾಗಿ ತಪ್ಪನ್ನು ಬಚ್ಚಿಡುವುದು, ಇಲ್ಲವೇ ಬೇರೆಯವರ ಮೇಲೆ ಹೊರಿಸುವುದು ಸಹಜ ರಕ್ಷಣೆಯಾಗುತ್ತದೆ. ಚರ್ಚಿನಲ್ಲಿ ಪಶ್ಚಾತ್ತಾಪಕ್ಕೆ ಬೇರೆಯದೇ ಕ್ರಮವಿದೆ. ತಪ್ಪನ್ನು ಹೆಸರಿಟ್ಟು ಒಪ್ಪಿಕೊಳ್ಳಬೇಕು, ಸಾಧ್ಯವಿದ್ದಷ್ಟು ಸರಿಪಡಿಸಬೇಕು, ಆಮೇಲೆ ಅದನ್ನು ಮತ್ತೆ ಮತ್ತೆ ಎತ್ತಿ ಆಡುವಂತಿಲ್ಲ. ಬೈಬಲಿನಲ್ಲಿ ಬರುವ ಸುಂಕದವನಾದ ಜಕ್ಕಾಯ, ವಂಚಿಸಿ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆಂದ. ಮೂರು ಸಲ ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರನಿಗೆ, ಪುನರುತ್ಥಾನದ ನಂತರ, ನೀನು ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಮೂರು ಸಲ ಎದುರಾಯಿತು, ಮತ್ತು ಪ್ರತಿ ಸಲವೂ ಕುರಿಗಳನ್ನು ಕಾಯುವ ಹೊಣೆ ಅವನಿಗೆ ಸಿಕ್ಕಿತು. ಅಂದರೆ ಕ್ಷಮೆಯ ಜೊತೆಯಲ್ಲೇ ಹೊಣೆಗಾರಿಕೆಯೂ ಹಿಂದಿರುಗಿತು. ಯುವಕೂಟದ ಹಣ ಬಳಸಿಕೊಂಡು ಸಿಕ್ಕಿಬಿದ್ದ ಹುಡುಗನನ್ನು ಹೊರಹಾಕುವುದು ಸುಲಭ, ಮುಚ್ಚಿಹಾಕುವುದು ಇನ್ನೂ ಸುಲಭ. ಹಣವನ್ನು ಹಂತಹಂತವಾಗಿ ಅವನಿಂದಲೇ ಕಟ್ಟಿಸಿಕೊಂಡು, ಒಂದು ಅವಧಿಯ ನಂತರ ಮತ್ತೊಬ್ಬರ ಜೊತೆಗಾರಿಕೆಯಲ್ಲಿ ಯಾವುದಾದರೂ ಕೆಲಸ ವಹಿಸುವುದು ಕಷ್ಟದ ದಾರಿ, ಆದರೆ ಆ ಹುಡುಗ ಬದಲಾಗಲು ಇರುವ ದಾರಿ ಅದೊಂದೇ.

ಈ ಮಾತುಗಳನ್ನು ಆಡುವ ಅರ್ಹತೆ ಚರ್ಚಿಗೆ ಉಳಿದಿದೆಯೇ ಎಂದು ಇಂದಿನ ಯುವಜನರು ಕೇಳುತ್ತಾರೆ, ಕೇಳಲೇಬೇಕು. ಫ್ರಾನ್ಸಿನ ಕಥೋಲಿಕ ಚರ್ಚು ನೇಮಿಸಿದ ಸ್ವತಂತ್ರ ಆಯೋಗ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವರದಿಯ ಅಂದಾಜಿನಂತೆ, 1950ರಿಂದೀಚೆಗೆ ಅಲ್ಲಿ ಗುರುಗಳು ಮತ್ತು ಸನ್ಯಾಸಿಗಳಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಅಪ್ರಾಪ್ತ ವಯಸ್ಕರು ಸುಮಾರು 2,16,000. ಮಕ್ಕಳ ಮೇಲಿನ ಇಂಥದ್ದೇ ದೌರ್ಜನ್ಯಗಳ ಕುರಿತು ಆಸ್ಟ್ರೇಲಿಯಾದ ರಾಯಲ್ ಆಯೋಗ (ಸರ್ಕಾರಿ ತನಿಖಾ ಆಯೋಗ) 2013ರಿಂದ 2017ರವರೆಗೆ ನಡೆಸಿದ ವಿಚಾರಣೆಯಲ್ಲಿ ಹಲವು ಪಂಗಡಗಳ ಚರ್ಚುಗಳ ವೈಫಲ್ಯ ಬಯಲಾಯಿತು. ದೌರ್ಜನ್ಯ ಒಂದು ಪಾಪವಾದರೆ, ಸಂಸ್ಥೆಯ ಹೆಸರು ಉಳಿಸಲು ಅದನ್ನು ಮುಚ್ಚಿಟ್ಟದ್ದು ಇನ್ನೊಂದು. ಹತ್ತು ವರ್ಷ ಕಲಿಸಿದ ಸತ್ಯಸಂಧತೆಯ ಪಾಠವನ್ನು ಇಂಥ ಒಂದು ಮುಚ್ಚುವಿಕೆ ಅಳಿಸಿಹಾಕುತ್ತದೆ, ಯಾಕೆಂದರೆ ಸಂಕಟದ ಹೊತ್ತಿನಲ್ಲಿ ಹಿರಿಯರು ನಿಜವಾಗಿ ಯಾವುದಕ್ಕೆ ಬೆಲೆ ಕೊಡುತ್ತಾರೆಂಬುದನ್ನು ಯುವಜನರು ಕಣ್ಣಾರೆ ಕಾಣುತ್ತಾರೆ. ಮಕ್ಕಳೊಡನೆ ಕೆಲಸ ಮಾಡುವ ಪ್ರತಿಯೊಬ್ಬರ ಹಿನ್ನೆಲೆಯನ್ನು ಪರಿಶೀಲಿಸುವುದು, ಮುಚ್ಚಿದ ಕೋಣೆಯಲ್ಲಿ ಒಬ್ಬ ವಯಸ್ಕ ಒಂದು ಮಗುವಿನೊಡನೆ ಒಂಟಿಯಾಗಿ ಇರದಂತೆ ನೋಡಿಕೊಳ್ಳುವುದು, ದೂರು ಬಂದ ಕೂಡಲೇ ಪೊಲೀಸರಿಗೆ ತಿಳಿಸುವುದು ಇವು ಆಡಳಿತದ ಕಿರಿಕಿರಿಗಳಲ್ಲ. ಶೀಲವನ್ನು ಕಲಿಸುವ ಕೆಲಸದ ಭಾಗವೇ ಆಗಿವೆ. ಮೇಲೆ ಹೇಳಿದ ಒಡನಾಟಕ್ಕೆ ಈ ಬೇಲಿಗಳಿಂದ ಧಕ್ಕೆಯಾಗುತ್ತದೆಂದು ಕೆಲವರು ಹಿಂಜರಿಯುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲರ ಕಣ್ಣೆದುರಿಗೆ ನಡೆಯುವ ಒಡನಾಟಕ್ಕೆ ಯಾವ ಬೇಲಿಯೂ ಅಡ್ಡಿಯಲ್ಲ. 2018ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಸೇರಿದ ಸುಮಾರು 300 ಯುವಪ್ರತಿನಿಧಿಗಳು ಸಿನೊಡ್‌ಗಾಗಿ (ಕಥೋಲಿಕ ಬಿಷಪರ ಮಹಾಸಭೆಗಾಗಿ) ಸಿದ್ಧಪಡಿಸಿದ ದಾಖಲೆಯಲ್ಲಿ, ಮಾರ್ಗದರ್ಶಕರು ತಮ್ಮ ಕುಂದುಕೊರತೆಗಳನ್ನು ಒಪ್ಪಿಕೊಳ್ಳುವವರಾಗಿರಬೇಕು, ಪೀಠದ ಮೇಲೆ ಕೂತವರು ಬಿದ್ದಾಗ ಯುವಜನರಿಗೆ ಆಗುವ ಆಘಾತ ದೊಡ್ಡದು ಎಂದು ಬರೆದಿದ್ದರು.

ಮನೆಯ ಪಾತ್ರವನ್ನು ಚರ್ಚು ತುಂಬಲಾರದು ಎಂಬುದನ್ನು ಇಲ್ಲಿ ಚಿಕ್ಕದಾಗಿಯಾದರೂ ಹೇಳಬೇಕು. ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ ಅವರು 1970ರಿಂದ ಹಲವು ದಶಕಗಳ ಕಾಲ ಅಮೆರಿಕದ ಕುಟುಂಬಗಳನ್ನು ತಲೆಮಾರುಗಳುದ್ದಕ್ಕೂ ಅಧ್ಯಯನ ಮಾಡಿ, ನಂಬಿಕೆ ಮಕ್ಕಳಿಗೆ ದಾಟುವುದರಲ್ಲಿ ತಂದೆತಾಯಿಯ, ವಿಶೇಷವಾಗಿ ತಂದೆಯ, ಆತ್ಮೀಯತೆ ನಿರ್ಣಾಯಕ ಎಂದು ಕಂಡುಕೊಂಡರು. ಮಕ್ಕಳನ್ನು ಚರ್ಚಿನ ಬಾಗಿಲಲ್ಲಿ ಇಳಿಸಿ ಹೋಗುವ ತಂದೆಗೆ ಸಭಾಪಾಲಕರು ಇದನ್ನು ಪ್ರೀತಿಯಿಂದಲೇ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಸಭೆಗಳು ಎಡವುವ ಜಾಗ ಒಂದಿದೆ. ಅದು ದೃಢೀಕರಣ ಮುಗಿದು, ಓದಿಗೋ ಉದ್ಯೋಗಕ್ಕೋ ಬೇರೆ ಊರಿಗೆ ಹೊರಡುವ ಘಟ್ಟ. ಹದಿನೆಂಟು ವರ್ಷ ಜೊತೆಗಿದ್ದವರು ಅಲ್ಲಿಗೆ ಪ್ರಾರ್ಥನೆ ಮಾಡಿ ಬೀಳ್ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಮತ್ತು ಮನೆಯ ಕಣ್ಗಾವಲಿಲ್ಲದೆ ಹಣ, ಸಂಬಂಧ, ದುಡಿಮೆಯ ವಿಷಯದಲ್ಲಿ ಮೊದಲ ನಿಜವಾದ ಆಯ್ಕೆಗಳನ್ನು ಮಾಡಬೇಕಾದ ವರ್ಷಗಳಲ್ಲಿ ಆ ಯುವಕ ಅಥವಾ ಯುವತಿ ಒಂಟಿಯಾಗುತ್ತಾರೆ. ಹೊರಡುವ ಮುನ್ನವೇ ಅಲ್ಲಿಯ ಸಭೆಯೊಂದರ ಸಭಾಪಾಲಕರಿಗೆ ಪತ್ರ ಬರೆದು ಪರಿಚಯಿಸುವುದು, ಇಲ್ಲಿಯ ಹಿರಿಯರೊಬ್ಬರು ಮೊದಲ ವರ್ಷವಿಡೀ ತಪ್ಪದೆ ಫೋನ್ ಮಾಡುವ ಹೊಣೆ ಹೊರುವುದು, ರಜೆಗೆ ಬಂದಾಗ ಅವರ ಹಳೆಯ ಜವಾಬ್ದಾರಿಯನ್ನು ಮತ್ತೆ ಅವರ ಕೈಗೇ ಕೊಡುವುದು, ಇವುಗಳಿಗೆ ಖರ್ಚೇನೂ ಇಲ್ಲ. ಸಭೆಯ ಆಡಳಿತ ಮಂಡಳಿಯು ವರ್ಷದ ಆರಂಭದ ಸಭೆಯಲ್ಲಿ, ಕಳೆದ ಮೂರು ವರ್ಷಗಳಲ್ಲಿ ಹೊರಟುಹೋದವರ ಹೆಸರುಗಳನ್ನು ಬರೆದು, ಪ್ರತಿಯೊಂದು ಹೆಸರಿನ ಮುಂದೆ ಅವರೊಡನೆ ಈಗಲೂ ಮಾತನಾಡುತ್ತಿರುವ ಹಿರಿಯರ ಹೆಸರನ್ನು ಬರೆಯಲು ತೊಡಗಿದರೆ, ಎಷ್ಟು ಸಾಲುಗಳು ಖಾಲಿ ಉಳಿಯುತ್ತವೆ ಎಂಬುದರಿಂದಲೇ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿದುಬರುತ್ತದೆ.